ಕೊಲ್ಲೂರಿಗೆ ಹೋದರೆ ಒಂದು ರಾತ್ರಿ ಉಳಿಯಿರಿ

ಉಡುಪಿ, ಮಂಗಳೂರು ಕಡೆಯಿಂದ ಹೊರಟ ಪ್ರವಾಸಿ ವಾಹನಗಳು ಹೆಚ್ಚಾಗಿ ಕೊಲ್ಲೂರು ಮುಟ್ಟುವುದು ಮಧ್ಯಾಹ್ನದ ಹೊತ್ತಿಗೆ. ಮಹಾಪೂಜೆಯ ನೂಕುನುಗ್ಗಲಿನಲ್ಲಿ ಅರೆಗಳಿಗೆ ದೇವಿಯ ಮುಖ ಕಂಡು, ಅನ್ನಪ್ರಸಾದ ಮುಗಿಸಿ, ಮುರುಡೇಶ್ವರಕ್ಕೆ ಓಟ. ಮೂಕಾಂಬಿಕೆಯ ಸನ್ನಿಧಿಯನ್ನು ನೋಡುವುದಕ್ಕೆ ಇದರಷ್ಟು ಕೆಟ್ಟ ಕ್ರಮ ಇನ್ನೊಂದಿಲ್ಲ. ಅಲ್ಲಿನ ಸೊಗಸೆಲ್ಲ ದೀಪ ಹಚ್ಚಿದ ಮೇಲಿಂದ ಮರುದಿನ ಬೆಳಗಿನವರೆಗೆ.

ಕುಂದಾಪುರದಿಂದ ಸುಮಾರು 40 ಕಿಲೋಮೀಟರ್ ದಾರಿ, ಬಸ್ಸು ಬೇಕಾದಷ್ಟಿವೆ. ರೈಲಿನವರು ಗಮನಿಸಬೇಕು: ‘ಮೂಕಾಂಬಿಕಾ ರೋಡ್’ ನಿಲ್ದಾಣ ಇರುವುದು ಬೈಂದೂರಿನಲ್ಲಿ. ಅಲ್ಲಿಂದ ಕೊಲ್ಲೂರಿಗೆ ಇನ್ನೂ ಮುಕ್ಕಾಲು ಗಂಟೆಯ ಕಾಡುದಾರಿ. ಅಪರಾತ್ರಿ ಇಳಿಯುವುದಾದರೆ ವಾಹನವನ್ನು ಮೊದಲೇ ಹೇಳಿಟ್ಟಿರಿ.

ಸಂಜೆ ಸೌಪರ್ಣಿಕಾ ನದಿಯಲ್ಲಿ ಮಿಂದು ಬರುವುದು ವಾಡಿಕೆ. ಮೆಟ್ಟಿಲು ಪಾಚಿಗಟ್ಟಿರುತ್ತವೆ, ಮಳೆಗಾಲದಲ್ಲಿ ಸೆಳವು ಜೋರು, ಆಗ ತಲೆಗೆ ನೀರು ಪ್ರೋಕ್ಷಿಸಿಕೊಂಡರೆ ಸಾಕು. ದೇವಳದ ಒಳಗೆ ಗಂಡಸರು ಅಂಗಿ, ಬನಿಯನ್ ತೆಗೆಯಬೇಕು. ಪಂಚೆ, ಶಲ್ಯ ಇದ್ದರೆ ಅನುಕೂಲ. ಸಂಜೆಯ ಪ್ರದೋಷ ಪೂಜೆಯನ್ನು ಊರವರು ಸಲಾಂ ಮಂಗಳಾರತಿ ಎನ್ನುತ್ತಾರೆ. ಟಿಪ್ಪು ಸುಲ್ತಾನ್ ಇಲ್ಲಿಗೆ ಬಂದು ದೇವಿಗೆ ಸಲಾಂ ಮಾಡಿದ ನೆನಪಿಗೆ ಈ ಹೆಸರು ಎಂಬುದು ಪ್ರತೀತಿ.

ಆಮೇಲಿನದೇ ನಿಜವಾದ ಕೊಲ್ಲೂರು. ರಾತ್ರಿಪೂಜೆಯಾಗಿ ಉತ್ಸವಮೂರ್ತಿ ಹೊರಟಾಗ ಚೆಂಡೆ, ವಾದ್ಯದ ನಾದ ಕಲ್ಲಿನ ಪ್ರಾಕಾರದೊಳಗೆ ತುಂಬಿಕೊಳ್ಳುತ್ತದೆ. ಸರಸ್ವತಿ ಮಂಟಪದ ಎದುರು ಜಾಗ ಹಿಡಿದು ಕುಳಿತವರಿಗೆ ಎಲ್ಲವೂ ಹತ್ತಿರದಿಂದ ಕಾಣುತ್ತದೆ. ಸಂಗೀತ, ನೃತ್ಯ ಕಲಿತ ಮಕ್ಕಳು ಮೊದಲ ಸೇವೆ ಸಲ್ಲಿಸುವುದು ಇದೇ ಮಂಟಪದಲ್ಲಿ. ಗಾಯಕ ಯೇಸುದಾಸ್ ಹಲವು ವರ್ಷ ತಮ್ಮ ಹುಟ್ಟುಹಬ್ಬವಾದ ಜನವರಿ 10ರಂದು ಇಲ್ಲಿಗೆ ಬಂದು ಹಾಡಿದ್ದಾರೆ. ಹೆಸರಾಂತ ಗಾಯಕರು ಕೂರುವ ಕಲ್ಲಿನ ಮೇಲೆಯೇ ಏಳೆಂಟು ವರ್ಷದ ಹುಡುಗಿ ಶ್ರುತಿ ಹಿಡಿಯಲು ತಡವರಿಸುತ್ತ ಹಾಡುವುದನ್ನು ಕೇಳಬೇಕು. ಯಾರೂ ಎದ್ದು ಹೋಗುವುದಿಲ್ಲ.

ಕೊನೆಯಲ್ಲಿ ಕಷಾಯ. ಅಸ್ವಸ್ಥರಾದ ಶಂಕರಾಚಾರ್ಯರಿಗೆ ದೇವಿಯೇ ಕಷಾಯ ಮಾಡಿಕೊಟ್ಟಳೆಂಬ ನಂಬಿಕೆಯಿಂದ ರಾತ್ರಿ ಅದೇ ನೈವೇದ್ಯ. ಶುಂಠಿ, ಮೆಣಸಿನ ಖಾರಕ್ಕೆ ಬೆಲ್ಲದ ಸಿಹಿ ಸೇರಿದ ಬಿಸಿ ಕಷಾಯವನ್ನು ಎಲ್ಲರಿಗೂ ಹಂಚುತ್ತಾರೆ. ಮಂಗಳಾರತಿ ಮುಗಿದೊಡನೆ ಹೊರಟುಬಿಡುವವರಿಗೆ ಇದು ತಪ್ಪುತ್ತದೆ. ಒಂಬತ್ತರ ಆಸುಪಾಸಿನವರೆಗೆ ಕಾಯಿರಿ. ಕೋಣೆ ಮೊದಲೇ ಹಿಡಿದಿರಬೇಕು. ಶುಕ್ರವಾರ, ವಾರಾಂತ್ಯ, ನವರಾತ್ರಿಯಲ್ಲಿ ರಾತ್ರಿ ಹತ್ತಕ್ಕೆ ಹುಡುಕಹೊರಟರೆ ಸಿಗುವುದಿಲ್ಲ.

ಬೆಳಗಿನ ಜಾವ ಐದಕ್ಕೆ ಬಾಗಿಲು ತೆರೆಯುವಾಗ ಸಾಲಿನಲ್ಲಿರಿ. ಹಗಲೆಲ್ಲ ಕಣ್ಣಿಗೆ ಬೀಳುವುದು ಲಿಂಗದ ಹಿಂದಿರುವ ಪಂಚಲೋಹದ ದೇವಿ. ಮೂಲವಾದ ಜ್ಯೋತಿರ್ಲಿಂಗ ಅಲಂಕಾರದ ಮರೆಯಲ್ಲಿರುತ್ತದೆ. ಅಭಿಷೇಕದ ಹೊತ್ತಿನಲ್ಲಷ್ಟೇ ಲಿಂಗದ ಮೇಲಿನ ಸ್ವರ್ಣರೇಖೆ ಕಾಣುವುದು. ರೇಖೆಯ ಎಡಗಡೆಯ ಭಾಗ ದೊಡ್ಡದು. ಅದರಲ್ಲಿ ಲಕ್ಷ್ಮಿ, ಸರಸ್ವತಿ, ಪಾರ್ವತಿಯರು, ಬಲಗಡೆ ತ್ರಿಮೂರ್ತಿಗಳು ಎಂಬುದು ನಂಬಿಕೆ.

ದರ್ಶನ ಮುಗಿಸಿ ಕೊಡಚಾದ್ರಿ ಬೆಟ್ಟಕ್ಕೆ (1,343 ಮೀಟರ್) ಹೊರಡುವವರು ಬೇಗ ಜೀಪ್ ಹಿಡಿಯಬೇಕು. ಜನ ತುಂಬದೆ ಜೀಪ್ ಹೊರಡುವುದಿಲ್ಲ. ಒಂಬತ್ತು ದಾಟಿದರೆ ಅರ್ಧ ದಿನ ಅಲ್ಲೇ ಹೋಯಿತು. ಮೇಲಿನ ಕಚ್ಚಾದಾರಿಯ ಕುಲುಕಾಟಕ್ಕೆ ಬೆನ್ನುನೋವಿನವರು ಹೋಗದಿರುವುದೇ ಒಳ್ಳೆಯದು. ಜೀಪ್ ನಿಂತಲ್ಲಿಂದ ಸರ್ವಜ್ಞಪೀಠವೆಂಬ ಕಲ್ಲಿನ ಮಂಟಪಕ್ಕೆ ಏರುನಡಿಗೆ. ಚಾಲಕರು ಕೊಡುವ ಸಮಯ ಅದಕ್ಕಷ್ಟೇ ಸಾಲುತ್ತದೆ. ಆಚೆ ಇಳಿದು ಚಿತ್ರಮೂಲದ ಗುಹೆಯನ್ನೂ ನೋಡಬೇಕೆಂದಿದ್ದರೆ ಹತ್ತುವ ಮೊದಲೇ ಮಾತಾಡಿ ಒಪ್ಪಿಸಿಕೊಳ್ಳಿ. ಮಳೆಗಾಲದಲ್ಲಾದರೆ ಇಂಬಳಗಳಿಗೆ ಉಪ್ಪಿನ ಪೊಟ್ಟಣ ಜೇಬಿನಲ್ಲಿರಲಿ.