ಉಪ್ಪಿನಕಾಯಿಗೆ ಒತ್ತಿಲ್ಲ

ಭಾನುವಾರ ಬೆಳಿಗ್ಗೆ ಶಿರಸಿಯಿಂದ ಅತ್ತೆಯ ಫೋನ್. ‘ಮಾಣಿ, ಉಪ್ಪಿನಕಾಯಿಗೆ ಒತ್ತೇ ಇಲ್ಲೆ. ಎಂತ ಆಜು ನೋಡು.’

ಮೊದಲು ನನಗೆ ತಲೆಬುಡ ಅರ್ಥವಾಗಲಿಲ್ಲ. ಅತ್ತೆ ಮನೆಯಲ್ಲೇ ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಅದಕ್ಕೊಂದು ಪುಟ್ಟ ವೆಬ್‌ಸೈಟ್ ಇದೆ. ಯಾರೋ ಪರಿಚಯದವರು ಹಳೇ ಟೆಂಪ್ಲೇಟ್ ಒಂದನ್ನು ತಿದ್ದಿ ಮಾಡಿಕೊಟ್ಟದ್ದು. ಇಷ್ಟು ದಿನ ತಿಂಡಿಗಳ ಹೆಸರೆಲ್ಲ ಇಂಗ್ಲಿಷಿನಲ್ಲಿತ್ತು. ಹೋದ ವಾರ ಅತ್ತೆಯ ಮಗ ಕೂತು ಎಲ್ಲವನ್ನೂ ಕನ್ನಡದಲ್ಲಿ ಟೈಪ್ ಮಾಡಿದ್ದ.

ಪುಟ ತೆರೆದು ನೋಡಿದೆ. ‘ಉಪಿನಕಾಯಿ’. ‘ಹಪಳ’. ‘ಅಪೆಮಿಡಿ’. ಪ ಅಕ್ಷರದ ಕೆಳಗೆ ನೇತಾಡಬೇಕಿದ್ದ ಒತ್ತನ್ನು ಯಾರೋ ಕತ್ತರಿ ಹಿಡಿದು ನೇರ ಗೆರೆಗೆ ಕತ್ತರಿಸಿದ ಹಾಗಿತ್ತು. ಹತ್ತಿರ ಹೋಗಿ ನೋಡಿದರೆ ಒತ್ತಿನ ನೆತ್ತಿ ಮಾತ್ರ ಒಂದು ಚುಕ್ಕಿಯ ಹಾಗೆ ಉಳಿದಿತ್ತು.

ಇಂಥ ಹೊತ್ತಲ್ಲಿ ಕೈ ತಾನಾಗೇ ಅಡ್ಡದಾರಿ ಹಿಡಿಯುತ್ತದೆ. ನಾಲ್ಕು ಪಿಕ್ಸೆಲ್ ಮೇಲೆತ್ತು, ಬೇರೆ ಸಾಲು ಏನೇ ಹೇಳಲಿ ಇದೇ ನಡೆಯಲಿ ಅಂತ ಪಕ್ಕದಲ್ಲೊಂದು ‘ಇಂಪಾರ್ಟೆಂಟ್’ ಜಡಿ, ಮುಗೀತು. ಹಾಗೇ ಮಾಡೋಣ ಅಂತ ಪುಟದ ಬಣ್ಣ, ಅಳತೆಗಳನ್ನೆಲ್ಲ ಬರೆದಿಡುವ ಸಿಎಸ್‌ಎಸ್ ಫೈಲ್ ತೆರೆದೆ. ಅಲ್ಲಿ ಆಗಲೇ ಅಂಥ ಮೂರು ತೇಪೆ ಇದ್ದವು. ಒಂದರ ಪಕ್ಕ ‘ಸದ್ಯಕ್ಕೆ ಹೀಗಿರಲಿ’ ಅಂತ ಟಿಪ್ಪಣಿ ಬೇರೆ. ಯಾವ ಪುಣ್ಯಾತ್ಮನಪ್ಪಾ ಅಂತ ಬೈದುಕೊಳ್ಳುವಷ್ಟರಲ್ಲಿ ನೆನಪಾಯಿತು. ಎರಡು ವರ್ಷದ ಹಿಂದೆ ದೀಪಾವಳಿಗೆ ಹೋದಾಗ ಜಗಲಿ ಮೇಲೆ ಕೂತು ಅದನ್ನು ಬರೆದವನು ನಾನೇ.

ಸರಿ, ಈ ಸಲ ಬುಡದಿಂದ ನೋಡೋಣ ಅಂದುಕೊಂಡೆ. ಫೈರ್‌ಫಾಕ್ಸ್ ಬ್ರೌಸರ್ ಪುಟದ ತಪ್ಪುಗಳನ್ನು ಪಟ್ಟಿ ಮಾಡುವ ಕನ್ಸೋಲ್ ತೆರೆದರೆ ಮೊದಲ ಎಚ್ಚರಿಕೆಯೇ, ಪುಟ ‘ಕ್ವರ್ಕ್ಸ್ ಮೋಡ್’ನಲ್ಲಿದೆ ಅಂತ. ಪುಟದ ಒಡಲನ್ನು ಬರೆಯುವ ಎಚ್‌ಟಿಎಂಎಲ್‌ನ ಮೊದಲ ಸಾಲಿನಲ್ಲಿ ಇರಬೇಕಾದ ಡಾಕ್‌ಟೈಪ್ ಇರಲೇ ಇಲ್ಲ.

ಆ ಒಂದು ಸಾಲು ಇದ್ದರೆ ಬ್ರೌಸರ್ ಈಗಿನ ನಿಯಮದ ಪ್ರಕಾರ ಪುಟ ಕಟ್ಟುತ್ತದೆ. ಇಲ್ಲದಿದ್ದರೆ, ಪಾಪ ಇದು 90ರ ದಶಕದ ಪುಟ ಇರಬೇಕು ಅಂದುಕೊಂಡು ಆ ಕಾಲದ ಬ್ರೌಸರ್‌ಗಳ ಅಡ್ಡಾದಿಡ್ಡಿ ಅಭ್ಯಾಸಗಳನ್ನೇ ಅನುಸರಿಸುತ್ತದೆ. ಅದೇ ಕ್ವರ್ಕ್ಸ್ ಮೋಡ್. ಈ ಏರ್ಪಾಡನ್ನು ಮೊದಲು ತಂದದ್ದು 2000ದಲ್ಲಿ ಮ್ಯಾಕ್‌ಗೆ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 5. ಆ ಬ್ರೌಸರ್ ಕಣ್ಮುಚ್ಚಿ ಎಷ್ಟೋ ಕಾಲವಾಯಿತು. ಏರ್ಪಾಡು ಮಾತ್ರ ಇವತ್ತಿನ ಕ್ರೋಮಿನಲ್ಲೂ ಗಟ್ಟಿಯಾಗಿದೆ.

ಡಾಕ್‌ಟೈಪ್ ಸೇರಿಸಿ ರಿಫ್ರೆಶ್ ಒತ್ತಿದೆ. ಒತ್ತು ಬಂತು! ಉಳಿದದ್ದೆಲ್ಲ ಹೋಯಿತು.

ಒತ್ತು ಯಾಕೆ ಬಂತು ಅನ್ನುವುದೇ ಮಜಾ. ಹೆಸರು ಬರುವ ಡಬ್ಬಿಯ ಎತ್ತರ 22 ಅಂತ ಬರೆದಿತ್ತು. 22 ಏನು? ಪಿಕ್ಸೆಲ್ಲಾ, ಅಂಗುಲವಾ? ಬರೆದವರು ಹೇಳಿಲ್ಲ. ಕ್ವರ್ಕ್ಸ್ ಮೋಡ್ ಅದನ್ನು ಪಿಕ್ಸೆಲ್ ಅಂತ ತಾನೇ ಊಹಿಸಿಕೊಳ್ಳುತ್ತದೆ. ಮೇಲೆ ಓವರ್‌ಫ್ಲೋ ಹಿಡನ್ ಬೇರೆ, ಅಂದರೆ ಡಬ್ಬಿಯಿಂದ ಆಚೆ ಬಂದದ್ದನ್ನೆಲ್ಲ ಕತ್ತರಿಸು ಅಂತ. ಇಂಗ್ಲಿಷಿನ ‘ಪಿಕಲ್’ ಆ 22ರೊಳಗೆ ಆರಾಮಾಗಿ ಕೂತಿತ್ತು. ಕನ್ನಡಕ್ಕೆ ಮೇಲೆ ಗುಡಿಸಿಗೂ ಜಾಗ ಬೇಕು, ಕೆಳಗೆ ಒತ್ತಿಗೂ ಜಾಗ ಬೇಕು. ಡಾಕ್‌ಟೈಪ್ ಬಂದ ಕೂಡಲೇ, ಯಾವ ಅಳತೆ ಅಂತ ಬರೆಯದ ಎತ್ತರಕ್ಕೆ ಕಿಮ್ಮತ್ತಿಲ್ಲ ಅಂತ ಬ್ರೌಸರ್ ಆ ಸಾಲನ್ನೇ ಕೈಬಿಟ್ಟಿತು. ಡಬ್ಬಿ ತನಗೆ ಬೇಕಾದಷ್ಟು ಬೆಳೆಯಿತು. ತಪ್ಪು ಸಾಲು ತಪ್ಪಾಗಿದ್ದದ್ದಕ್ಕೇ ನಾವು ಬಚಾವ್. ಅದನ್ನು ಅಳಿಸಿ, ಸಾಲಿನ ಎತ್ತರ ಅಂದರೆ ಲೈನ್-ಹೈಟ್ 1.6 ಅಂತ ಹಾಕಿದೆ. ಲೈನ್-ಹೈಟ್‌ಗೆ ಮಾತ್ರ ಬರೀ ಅಂಕಿಯೇ ಒಳ್ಳೆಯದು, ಅಕ್ಷರ ದೊಡ್ಡದಾದರೆ ಅದೂ ಜೊತೆಗೆ ಬೆಳೆಯುತ್ತದೆ. ಎತ್ತರಕ್ಕೆ ಒಂದು ಕಾನೂನು, ಸಾಲಿನ ಎತ್ತರಕ್ಕೆ ಇನ್ನೊಂದು. ಹೊಸಬರು ತಲೆ ಚಚ್ಚಿಕೊಳ್ಳುವುದು ಸುಮ್ನೆ ಅಲ್ಲ.

ಉಳಿದದ್ದು ಯಾಕೆ ಹೋಯಿತು ಅಂದರೆ, ಅದೂ ಇದೇ ಕಥೆ. ಮೆನುವಿನ ಹಿನ್ನೆಲೆ ಬಣ್ಣದ ಸಂಖ್ಯೆಗೆ ಮುಂದೆ ಹ್ಯಾಶ್ ಚಿಹ್ನೆಯೇ ಇರಲಿಲ್ಲ. ಡಬ್ಬಿಗಳ ಗುರುತಿಗೆ ಇಡುವ ಕ್ಲಾಸ್ ಹೆಸರು ಎಚ್‌ಟಿಎಂಎಲ್‌ನಲ್ಲಿ ದೊಡ್ಡಕ್ಷರದಲ್ಲಿ, ಸಿಎಸ್‌ಎಸ್‌ನಲ್ಲಿ ಚಿಕ್ಕಕ್ಷರದಲ್ಲಿ. ಕ್ವರ್ಕ್ಸ್ ಮೋಡ್ ಇದನ್ನೆಲ್ಲ ಮೊಮ್ಮಗನ ಕೀಟಲೆಯ ಹಾಗೆ ಹೊಟ್ಟೆಗೆ ಹಾಕಿಕೊಂಡಿತ್ತು. ತಿದ್ದಲು ಅರ್ಧ ಗಂಟೆ ಸಾಕಾಯಿತು.

ಆಮೇಲೆ ಪುಟವನ್ನು, ವೆಬ್ ನಿಯಮಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯ ತಪ್ಪು ಹುಡುಕುವ ಸಾಧನ ವ್ಯಾಲಿಡೇಟರ್‌ಗೆ ಕೊಟ್ಟೆ. 61 ತಪ್ಪು! ಎದೆ ಧಸಕ್ ಅಂತು. ಆದರೆ ಇದರಲ್ಲಿ ಒಂದು ಗುಟ್ಟಿದೆ. ಮೇಲಿಂದ ಶುರು ಮಾಡಬೇಕು, ಒಂದನ್ನು ತಿದ್ದಿದ ಮೇಲೆ ಮತ್ತೆ ಕೊಟ್ಟು ನೋಡಬೇಕು. ಎಲ್ಲೋ ಮೇಲೆ ಒಂದು ಡಿವ್, ಅಂದರೆ ಡಬ್ಬಿ ಕಟ್ಟುವ ಟ್ಯಾಗ್, ಮುಚ್ಚಿರಲಿಲ್ಲ. ಅದನ್ನು ಮುಚ್ಚಿದ್ದೇ ತಡ, 61 ಹೋಗಿ 23 ಆಯಿತು. ಉಳಿದವು ಚಿಲ್ಲರೆ: ಒಂದೇ ಐಡಿ ಎರಡು ಕಡೆ, ಚಿತ್ರಗಳಿಗೆ ಆಲ್ಟ್ ಪಠ್ಯ (ಚಿತ್ರದಲ್ಲೇನಿದೆ ಅನ್ನುವ ವಿವರಣೆ) ಇಲ್ಲ, ಇಂಥವು. ವ್ಯಾಲಿಡೇಟರ್ ಹೇಳದ ಒಂದನ್ನು ನಾನೇ ಹಿಡಿದೆ. ಪುಟದ ಭಾಷೆ ಇಂಗ್ಲಿಷ್ ಅಂತಲೇ ಇತ್ತು, ಕನ್ನಡ ಅಂತ ಬದಲಿಸಿದೆ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಯಾವ ಭಾಷೆಯ ದನಿಯಲ್ಲಿ ಓದಬೇಕು ಅಂತ ತಿಳಿಯುವುದು ಅಲ್ಲಿಂದಲೇ.

ಕೊನೆಗೆ ಫೋನ್. ಅತ್ತೆಯ ಗಿರಾಕಿಗಳೆಲ್ಲ ನೋಡುವುದು ಅದರಲ್ಲೇ ಅಲ್ವಾ. ನಿನ್ನ ಪರದೆಯ ಅಗಲಕ್ಕೇ ಪುಟ ಕಟ್ಟು ಅಂತ ಫೋನಿಗೆ ಹೇಳುವ ವ್ಯೂಪೋರ್ಟ್ ಮೆಟಾ ಟ್ಯಾಗ್ ಇಲ್ಲದ್ದರಿಂದ ಫೋನು ಪುಟವನ್ನು 980 ಪಿಕ್ಸೆಲ್ ಅಗಲದ್ದು ಅಂದುಕೊಂಡು ಇರುವೆ ಸಾಲಿನ ಹಾಗೆ ಕುಗ್ಗಿಸಿ ತೋರಿಸುತ್ತಿತ್ತು. ಟ್ಯಾಗ್ ಹಾಕಿದೆ. ಅಕ್ಷರ ದೊಡ್ಡದಾಯಿತು. ಆದರೆ ಅಕ್ಕಪಕ್ಕ ನಿಲ್ಲಬೇಕಿದ್ದ ಎರಡು ಡಬ್ಬಿಗಳಲ್ಲಿ ಒಂದು ಕೆಳಗೆ ಜಾರಿತು. ಅಲ್ಲೇ ನನ್ನ ದೀಪಾವಳಿಯ ತೇಪೆ ಇದ್ದದ್ದು. ಅಗಲ 46.3 ಶೇಕಡಾ! ದೊಡ್ಡ ಪರದೆಯಲ್ಲಿ ಹೇಗೋ ನಿಲ್ಲುವ ಹಾಗೆ ಕಣ್ಣಂದಾಜಿನಲ್ಲಿ ಹಾಕಿದ್ದೆ. ಸಿಎಸ್‌ಎಸ್ ಲೆಕ್ಕದಲ್ಲಿ ಅಗಲ ಅಂದರೆ ಒಳಗಿನ ಸಾಮಾನಿನದು ಮಾತ್ರ, ಪ್ಯಾಡಿಂಗ್ (ಸುತ್ತಲಿನ ಖಾಲಿ ಜಾಗ) ಮತ್ತು ಬಾರ್ಡರ್ (ಅಂಚಿನ ಗೆರೆ) ಅದರ ಮೇಲೆ. ವಿಂಡೋಸ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಎಲ್ಲವನ್ನೂ ಸೇರಿಸಿ ಅಗಲ ಅನ್ನುತ್ತಿತ್ತು, ಅದಕ್ಕೆ ಎಲ್ಲರಿಂದ ಬೈಸಿಕೊಂಡಿತು. ಆಮೇಲೆ ಅದೇ ಲೆಕ್ಕ ಬಾರ್ಡರ್-ಬಾಕ್ಸ್ ಅನ್ನುವ ಹೆಸರಲ್ಲಿ ನಿಯಮದೊಳಗೇ ಬಂತು. ಈಗ ನಾವೆಲ್ಲ ಪ್ರತಿ ಫೈಲಿನ ಶುರುವಿಗೇ ಅದನ್ನು ಬರೆಯುತ್ತೇವೆ. ನಾನೂ ಬರೆದೆ, ಅಗಲ 50 ಶೇಕಡಾ ಮಾಡಿದೆ. ಡಬ್ಬಿಗಳು ಜೋಡಿಯಾಗಿ ನಿಂತವು. ಟಿಪ್ಪಣಿಯ ಸಮೇತ ತೇಪೆಗಳನ್ನು ಕಿತ್ತೆ.

ಮಧ್ಯಾಹ್ನ ಮೂರಕ್ಕೆ ವ್ಯಾಲಿಡೇಟರ್ ಹಸಿರು ಪಟ್ಟಿ ತೋರಿಸಿತು, ಒಂದೂ ತಪ್ಪಿಲ್ಲ. ಸ್ವಲ್ಪ ಜಂಬದಲ್ಲೇ ಅತ್ತೆಗೆ ಫೋನ್ ಮಾಡಿದೆ.

ಅತ್ತೆ ಪುಟ ತೆರೆದು ಒಂದೊಂದೇ ಹೆಸರನ್ನು ಜೋರಾಗಿ ಓದಿದರು. ಉಪ್ಪಿನಕಾಯಿ. ಅಪ್ಪೆಮಿಡಿ. ಆಮೇಲೆ ಸುಮ್ಮನಾದರು.

‘ಒತ್ತೆಲ್ಲ ಸರಿ ಆತು ಮಾಣಿ. ಆದ್ರೆ ಹಲಸಿನ ಹಪ್ಪಳದ ಬದಲು ಹಸಲಿನ ಹಪ್ಪಳ ಅಂತ ಇದ್ದು.’