ಅಪ್ಪನ ಟ್ರಂಕು: ಏಳು ವಾರ ಆಯಿತು

ಅಪ್ಪ ತೀರಿಕೊಂಡು ಒಂದು ವರ್ಷ. ಅಟ್ಟದ ಮೇಲಿನ ಕಪ್ಪು ಟ್ರಂಕನ್ನು ಕೆಳಗಿಳಿಸಲು ನನಗೆ ಅಷ್ಟು ದಿನ ಬೇಕಾಯಿತು. ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ನಂಬರ್, ರ‍್ಯಾಂಕ್, ಹೆಸರು. ಒಳಗಿದ್ದದ್ದನ್ನೆಲ್ಲ ಸ್ಕ್ಯಾನ್ ಮಾಡಿ ಅಮ್ಮನಿಗೊಂದು, ಅಕ್ಕನಿಗೊಂದು, ನನಗೊಂದು ಪ್ರತಿ ಮಾಡುವುದು ಕೆಲಸ. ಜೊತೆಗೆ ಒಂದು ಆಸೆಯೂ ಇತ್ತು. 1971ರ ಪಾಕಿಸ್ತಾನ ಯುದ್ಧದಲ್ಲಿ ಅಪ್ಪ ಏನು ಮಾಡಿದರು ಅಂತ ಈಗಲಾದರೂ ತಿಳಿಯಬೇಕು. ಅವರು ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು, ಅಂದರೆ ಬೆಂಗಳೂರಿನ ಎಂಇಜಿ, ಸೇನೆಯ ಎಂಜಿನಿಯರ್ ದಳ. ಯುದ್ಧದ ಬಗ್ಗೆ ಕೇಳಿದರೆ "ಸೇತುವೆ ಕಟ್ಟಿದ್ವಿ" ಅನ್ನುತ್ತಿದ್ದರು. ಅಷ್ಟೇ.

ವಾರ 1 ಮತ್ತು 2

ಫೋಟೋಗಳಿಂದ ಶುರು ಮಾಡಿದೆ. ಅರವತ್ತರಷ್ಟನ್ನು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಮಾಡಿ ಮುಗಿಸಿದ ಮೇಲೆ ಗೊತ್ತಾಯಿತು, ಇಷ್ಟು ಸಣ್ಣ ಫೋಟೋಗಳಿಗೆ ಅದು ಸಾಲದು. ಮುಖ ದೊಡ್ಡದು ಮಾಡಿದರೆ ಬರೀ ಕಾಳು ಕಾಳು. ಎಲ್ಲವನ್ನೂ 600ರಲ್ಲಿ ಮತ್ತೆ ಮಾಡಿದೆ. ಇಟ್ಟುಕೊಳ್ಳಲು ಟಿಫ್, ಕಳಿಸಲು ಜೆಪೆಗ್. ಅಂಟಿನ ಆಲ್ಬಂಗೆ ಕಚ್ಚಿಕೊಂಡಿದ್ದ ಫೋಟೋಗಳನ್ನು ಹಲ್ಲಿನ ಸಂದಿ ಶುಚಿ ಮಾಡುವ ದಾರವನ್ನು ಹಿಂದೆ ತೂರಿಸಿ, ನಿಧಾನವಾಗಿ ಗರಗಸದ ಹಾಗೆ ಎಳೆದು ಬಿಡಿಸಿದೆ. ಒಂದೂ ಹರಿಯಲಿಲ್ಲ.

ಒಂದು ಫೋಟೋದಲ್ಲಿ ಆರು ಜನ ಕಬ್ಬಿಣದ ಚೌಕಟ್ಟೊಂದನ್ನು ಹೊತ್ತು ನಡೆಯುತ್ತಿದ್ದಾರೆ. ಬೇಲಿ (Bailey) ಸೇತುವೆಯ ಪ್ಯಾನೆಲ್ ಅದು, ಇಂಥ ತುಂಡುಗಳನ್ನು ಜೋಡಿಸಿಯೇ ಆ ಸೇತುವೆ ಕಟ್ಟುವುದು. ಉದ್ದ 10 ಅಡಿ, ತೂಕ ಸುಮಾರು 260 ಕಿಲೋ. ಕ್ರೇನ್ ಬೇಡ, ಆರು ಜನ ಸಾಕು ಅಂತಲೇ ಆ ಸೇತುವೆಯನ್ನು ಹಾಗೆ ರೂಪಿಸಿದ್ದರು. ಹಿಂಬದಿಯಲ್ಲಿ ಅಪ್ಪನ ಅಕ್ಷರ: "ನಾನು ಮೂರನೆಯವನು." ಯಾವ ಕಡೆಯಿಂದ ಎಣಿಸಬೇಕು ಅಂತ ಬರೆದಿಲ್ಲ! ಎರಡೂ ಕಡೆಯ ಮೂರನೆಯವರ ಮುಖ ನೆರಳಲ್ಲಿದೆ.

ವಾರ 3

ಪದಕಗಳು. ಇಲ್ಲಿ ನಾನೊಂದು ದಡ್ಡತನ ಮಾಡಿದೆ. ಮಂಕಾಗಿದೆ ಅಂತ ಒಂದನ್ನು ಬೆಲ್ಟಿನ ಬಕಲ್ ಉಜ್ಜುವ ಪಾಲಿಶ್ ಹಾಕಿ ತಿಕ್ಕಿದೆ. ದುಂಡು ಪದಕಗಳ ಅಂಚಿನಲ್ಲಿ ನಂಬರು, ಹೆಸರು ಕೆತ್ತಿರುತ್ತಾರೆ. ತಿಕ್ಕಿದಷ್ಟೂ ಅದು ಸವೆಯುತ್ತದೆ. ಅಮ್ಮ ನೋಡಿ, "ನಿಮ್ಮಪ್ಪ ಅದನ್ನ ಯಾವತ್ತೂ ಮುಟ್ಟಿದ್ದು ನಾನು ನೋಡಿಲ್ಲ, ನೀನ್ಯಾಕೆ ತಿಕ್ತಿದೀಯ?" ಅಂದರು. ನಿಲ್ಲಿಸಿದೆ. ಒಣಗಿದ ಮೆತ್ತನೆ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು, ಅಷ್ಟೇ ಮಾಡಬೇಕಿತ್ತು.

ಸಾಲಿನಲ್ಲಿ ಸಂಗ್ರಾಮ್ ಮೆಡಲ್ ಇತ್ತು, 1972ರಲ್ಲಿ ಸ್ವಾತಂತ್ರ್ಯದ 25ನೇ ವರ್ಷಕ್ಕೆ ಕೊಟ್ಟದ್ದಿತ್ತು, ಜೊತೆಗೆ ಪೂರ್ವಿ ಸ್ಟಾರ್. ಪಶ್ಚಿಮದಲ್ಲಿ ಇದ್ದವರಿಗೆ ಪಶ್ಚಿಮಿ ಸ್ಟಾರ್, ಪೂರ್ವದಲ್ಲಿ ಇದ್ದವರಿಗೆ ಇದು. ಅಂದರೆ ಅಪ್ಪ ಇದ್ದದ್ದು ಬಾಂಗ್ಲಾ ಕಡೆ. ಕಾಗದಗಳೂ ಅದನ್ನೇ ಹೇಳಿದವು. ಎಲ್ಲದರ ಮೇಲೂ ವಿಳಾಸ ಒಂದೇ, 99 ಎಪಿಒ, ಅಂದರೆ ಸೇನೆಯ ಅಂಚೆ ಕಚೇರಿ. ಎಲ್ಲಿದ್ದೇವೆ ಅಂತ ಸೈನಿಕರು ಬರೆಯುವಂತಿರಲಿಲ್ಲ. ಪೂರ್ವದ ತುಕಡಿಗಳ ಅಂಚೆ 99ಕ್ಕೆ ಹೋಗುತ್ತಿತ್ತು. ಅಮ್ಮನಿಗೆ ಹೇಳಿದೆ. "ಆಗ ನನಗೆ ಗೊತ್ತಿದ್ದದ್ದು ಆ ನಂಬರ್ ಒಂದೇ" ಅಂದರು.

ವಾರ 4, 5

ಕಾಗದಗಳ ಕಟ್ಟನ್ನು ಸೆಣಬಿನ ದಾರದಲ್ಲಿ ಕಟ್ಟಿತ್ತು. ರೀಫ್ ನಾಟ್. ಬಟ್ಟೆ ಒಣಗಿಸುವ ಹಗ್ಗವನ್ನೂ ಅಪ್ಪ ಸುಮ್ನೆ ಗಂಟು ಹಾಕುತ್ತಿರಲಿಲ್ಲ, ಕಂಬಕ್ಕೆ ಕ್ಲೋವ್ ಹಿಚ್ ಆಗಬೇಕು. ಬಿಚ್ಚುವ ಮೊದಲು ಗಂಟಿನದೂ ಒಂದು ಫೋಟೋ ತೆಗೆದೆ.

ಇನ್‌ಲ್ಯಾಂಡ್ ಲೆಟರ್ ಸ್ಕ್ಯಾನ್ ಮಾಡುವುದು ಕಷ್ಟ. ಕಾಗದ ತೆಳು, ಹಿಂಬದಿಯ ಬರಹ ಮುಂದಕ್ಕೆ ಕಾಣುತ್ತದೆ. ಹಿಂದೆ ಒಂದು ಕಪ್ಪು ಹಾಳೆ ಇಟ್ಟರೆ ಆ ತೊಂದರೆ ಬಹಳ ಕಡಿಮೆಯಾಗುತ್ತದೆ. ನೀಲಿ ಇಂಕು ಮಾಸಿದ್ದರೆ ಗಿಂಪ್ ಅನ್ನುವ ಫೋಟೋ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಚಿತ್ರವನ್ನು ಕೆಂಪು, ಹಸಿರು, ನೀಲಿ ಪದರಗಳಾಗಿ (ಚಾನೆಲ್) ಬೇರ್ಪಡಿಸಿ ಕೆಂಪು ಚಾನೆಲ್ ಮಾತ್ರ ನೋಡಿ. ಅಕ್ಷರ ಕಪ್ಪಾಗಿ ಎದ್ದು ಬರುತ್ತದೆ.

ನಾನು ಹುಡುಕುತ್ತಿದ್ದದ್ದು 1971ರ ಡಿಸೆಂಬರ್ ಕಾಗದ. 16ಕ್ಕೆ ಢಾಕಾದಲ್ಲಿ ಶರಣಾಗತಿ ಆಯಿತು. ನಾಲ್ಕು ದಿನ ಬಿಟ್ಟು ಬರೆದದ್ದು ಸಿಕ್ಕಿತು. ಕೈ ನಡುಗಿತು, ಸುಳ್ಳಲ್ಲ. ಒಳಗೆ ಇದ್ದದ್ದು: ನಾನು ಕ್ಷೇಮ, ಅಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ, ದೊಡ್ಡವಳ ಅಳತೆ ಬಂತು, ಚಿಕ್ಕವನದು ಅರ್ಧಕ್ಕೇ ನಿಂತಿದೆ, ಅಂದಾಜಿನ ಮೇಲೆ ತರುತ್ತೇನೆ. ಯುದ್ಧ ಅನ್ನುವ ಪದವೇ ಇಲ್ಲ. ಯಾವ ಅಳತೆ ಅಂತಲೂ ತಿಳಿಯಲಿಲ್ಲ. ಬೇಜಾರಾಗಿ ಫೈಲಿಗೆ ಹೆಸರು ಕೊಟ್ಟು ಮುಂದಕ್ಕೆ ಹೋದೆ.

ವಾರ 6

ಡಿಸ್ಚಾರ್ಜ್ ಬುಕ್, ಅಂದರೆ ಸೇನೆ ಬಿಡುವಾಗ ಕೊಡುವ ಸೇವಾ ದಾಖಲೆ, ಒಂದೇ ಸಂಜೆಯಲ್ಲಿ ಮುಗಿಯಿತು. ಹೇಳುವಂಥದ್ದೇನಿಲ್ಲ.

ವಾರ 7

ಡಿಸ್ಚಾರ್ಜ್ ಬುಕ್ಕಿನ ರಟ್ಟಿನೊಳಗೆ ಇನ್ನೊಂದು ಇನ್‌ಲ್ಯಾಂಡ್ ಮಡಚಿಟ್ಟಿತ್ತು. ಇದು ಅಪ್ಪ ಬರೆದದ್ದಲ್ಲ, ಅಪ್ಪನಿಗೆ ಅಮ್ಮ ಬರೆದದ್ದು. ಅರ್ಧದಷ್ಟು ಜಾಗದಲ್ಲಿ ಪೆನ್ಸಿಲಿನಿಂದ ಒಂದು ಮಗುವಿನ ಪಾದದ ಸುತ್ತು ಗೆರೆ. ನನ್ನದೇ ಅಂದುಕೊಂಡು ಖುಷಿಪಟ್ಟೆ. ಆಮೇಲೆ ಲೆಕ್ಕ ಹಾಕಿದೆ. ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ 3,780 ಪಿಕ್ಸೆಲ್. 600ರಿಂದ ಭಾಗಿಸಿ 2.54ರಿಂದ ಗುಣಿಸಿದರೆ 16 ಸೆಂಟಿಮೀಟರ್. ನನಗೆ ಆಗ ಒಂದೂವರೆ ವರ್ಷ, ಅಷ್ಟು ದೊಡ್ಡ ಪಾದ ಎಲ್ಲಿಂದ ಬರಬೇಕು? ನಾಲ್ಕು ವರ್ಷದ ಅಕ್ಕನದು ಅದು.

ಪಕ್ಕದಲ್ಲಿ ಏನೋ ಮಸುಕಾದ ಕಲೆಯಿತ್ತು. ಕೆಂಪು ಚಾನೆಲ್‌ನಲ್ಲಿ ಅದು ಪೂರ್ತಿ ಕಾಣೆಯಾಯಿತು. ಕಾಗದವೇ ನೀಲಿ ಅಲ್ವಾ, ಕೆಂಪಿನಲ್ಲಿ ಅದು ಮಂಕಾಗಿ ಪೆನ್ಸಿಲ್ ಗೆರೆಯನ್ನು ನುಂಗಿಬಿಡುತ್ತದೆ. ನೀಲಿ ಚಾನೆಲ್‌ಗೆ ಬದಲಿಸಿದೆ. ಕಾಗದ ಬೆಳ್ಳಗಾಯಿತು, ಗೆರೆ ಉಳಿಯಿತು. ಒಂದು ಪುಟ್ಟ ಹಿಮ್ಮಡಿ, ಅಲ್ಲಿಂದ ಸ್ವಲ್ಪ ದೂರ ಬದಿಗೆ ಬಂದು, ಆಮೇಲೆ ಕಾಗದದ ಅಂಚಿನವರೆಗೂ ಸೊಟ್ಟಗೆ ಓಡಿಹೋದ ಗೀಟು.

ಲ್ಯಾಪ್‌ಟಾಪ್ ಒಯ್ದು ಅಮ್ಮನಿಗೆ ತೋರಿಸಿದೆ. "ನಿಂತ್ಕೋ ಅಂದ್ರೆ ನಿಂತ್ಕೊಂಡ್ಯಾ ನೀನು? ಕಾಲು ಕಿತ್ಕೊಂಡು ಓಡಿದೆ. ಅವರು ಶೂ ತರ್ತೀನಿ ಅಳತೆ ಕಳಿಸು ಅಂತ ಬರೆದಿದ್ರು."

ಐದನೇ ವಾರದ ಫೈಲನ್ನು ಮತ್ತೆ ತೆರೆದು ಇದರ ಪಕ್ಕದಲ್ಲಿಟ್ಟೆ. ಎರಡಕ್ಕೂ ಒಂದೇ ನಂಬರ್ ಕೊಟ್ಟು ಅ, ಆ ಅಂತ ಗುರುತು ಹಾಕಿದ್ದೇನೆ.

"ಶೂ ತಂದ್ರಾ?" ಅಂತ ಕೇಳಿದೆ.

"ತಂದ್ರು. ಅಕ್ಕಂದು ಸರಿಯಾಯ್ತು. ನಿಂದು ದೊಡ್ಡದಾಯ್ತು, ಮುಂದಿನ ವರ್ಷ ಹಾಕ್ಕೊಂಡೆ."