ಆನೆಯ ಹಿಂಗಾಲಿನ ಮೂರು ಹಸಿರು ಚುಕ್ಕೆ

ಮೂರು ವಾರ ಸ್ವಾಮಿ. ಮೂರು ವಾರ ನಗರ (ಹೊಸನಗರ ತಾಲ್ಲೂಕಿನ ಊರು, ಹಳೆಯ ಬಿದನೂರು) ಟಂಕಸಾಲೆಯ, ಆನೆ ಚಿತ್ರದ ತಾಮ್ರದ ಕಾಸನ್ನು ಉಪ್ಪಿರುವ ನೀರಿನಲ್ಲೇ ಮುಳುಗಿಸಿಟ್ಟು, ಇದರ ಉಪ್ಪು ಯಾಕೆ ಬಿಡ್ತಾ ಇಲ್ಲ ಅಂತ ತಲೆ ಕೆರೆದುಕೊಂಡಿದ್ದೇನೆ. ನಗಬೇಡಿ. ಅಥವಾ ನಗಿ, ಮನೆಯಲ್ಲಿ ಎಲ್ಲರೂ ನಕ್ಕಾಗಿದೆ.

ಹಳೆಯ ತಾಮ್ರದ ಕಾಸು ಇಡುವ ಟ್ರೇ ಒಂದಿದೆ ನನ್ನದು, 12 ಗುಳಿಯದು, ಇಸವಿ ನೋಡದೆ ಬರೀ ಬಣ್ಣದ ಮೇಲೆ ಜೋಡಿಸುವುದು. ಎಡತುದಿಯಲ್ಲಿ ಅಕ್ಷರಗಳ ಸಂದಿಯಲ್ಲಿ ಇನ್ನೂ ಕೆಂಪು ಉಳಿಸಿಕೊಂಡಿರುವ 1835ರ ಕಂಪನಿ ಕಾಲಾಣೆ. ಬಲತುದಿಯಲ್ಲಿ ನೇರಳೆ ಹಣ್ಣಿನಷ್ಟು ಕಪ್ಪಾದ ಮುಮ್ಮಡಿ ಕೃಷ್ಣರಾಜರ ಇಪ್ಪತ್ತು ಕಾಸು. ನಡುವೆ ಬೆಲ್ಲ, ಕಾಚು, ಹುರಿದ ಕಾಫಿಬೀಜ. ನಾಣ್ಯಕ್ಕೆ ದರ್ಜೆ ಕಟ್ಟುವಾಗ ರೆಡ್, ರೆಡ್-ಬ್ರೌನ್, ಬ್ರೌನ್ ಅಂತ ಮೂರೇ ಡಬ್ಬಿಯಲ್ಲಿ ತಾಮ್ರವನ್ನೆಲ್ಲ ತುಂಬುವವರು ನಮ್ಮ ಅಡಿಕೆ ಸೀಮೆಯಲ್ಲಿ ಹುಟ್ಟಿದವರಲ್ಲ ಬಿಡಿ. ಟ್ರೇಯ ಏಳನೇ ಗುಳಿ ಎರಡು ವರ್ಷ ಖಾಲಿ ಇತ್ತು. ಅಲ್ಲಿಗೆ ಬೇಕಿದ್ದದ್ದು ಚೊಗರಿನ ಬಣ್ಣ, ಅಡಿಕೆ ಬೇಯಿಸಿ ಬೇಯಿಸಿ ಹಂಡೆಯ ತಳದಲ್ಲಿ ದಪ್ಪಗಾಗುತ್ತಲ್ಲ, ಆ ಬಣ್ಣ.

ಮಾರ್ಚ್‌ನಲ್ಲಿ ಬೆಂಗಳೂರಿನ ಮೇಳವೊಂದರಲ್ಲಿ ಸಿಕ್ಕಿತು. ಟಿಪ್ಪುವಿನ ಜೋಹ್ರಾ, ಅಂದರೆ ಒಂದು ಪೈಸೆ. 11 ಗ್ರಾಂ ಆಸುಪಾಸು, ಬಲದಿಂದ ಎಡಕ್ಕೆ ಓದಬೇಕಾದ ಅಂಕಿ, ಹಿಂಬದಿಯಲ್ಲಿ ನಗರದ ಹೆಸರು. ಸಾಗರದ ನಮ್ಮ ಮನೆಯಿಂದ ನಗರ ಏನು ಮಹಾ ದೂರ, ಊರಿನ ಕಾಸು ಊರಿಗೆ ಬಂತು ಅಂತ ಹಿಗ್ಗಿದೆ. ಅದೇ ಅಂಗಡಿಯವನು ಇನ್ನೊಂದು ಕಾಲಾಣೆಯನ್ನೂ ನನ್ನ ಕೈಗೆ ದಾಟಿಸಲು ನೋಡಿದ. ನೀಲಿ, ನೇರಳೆ, ನವಿಲುಗರಿ ಹಂಗೆ. "ನ್ಯಾಚುರಲ್ ಟೋನ್ ಸಾರ್." ಮೊನ್ನೆ ಬಿದ್ದ ಗೀರಿನೊಳಗೂ ಅದೇ ನೀಲಿ! ಗಂಧಕದ ಹೊಗೆ ಕುಡಿಸಿದ ತಾಮ್ರಕ್ಕೆ ಇವರು ಇಡುವ ಹೆಸರು ನ್ಯಾಚುರಲ್. ಅದನ್ನು ಅಲ್ಲೇ ಬಿಟ್ಟು ಬಂದೆ, ಆದರೆ ಆನೆ ಕಾಸನ್ನು ಅವನು ಹಾಕಿಕೊಟ್ಟ ಮೆತ್ತನೆ ಪ್ಲಾಸ್ಟಿಕ್ ಚೀಲದಲ್ಲೇ ಮನೆಗೆ ತಂದು ಹಂಗೇ ಇಟ್ಟೆ. ಅದು ನನ್ನ ತಪ್ಪು, ಒಪ್ಪಿದೆ.

ಪುನರ್ವಸು ಮಳೆ ಹಿಡಿದಾಗ ಆನೆಯ ಹಿಂಗಾಲಿನಲ್ಲಿ ಮೂರು ಹಸಿರು ಚುಕ್ಕೆ ಕಂಡವು. ಮೊದಲು ಪಿವಿಸಿ ಜಿಡ್ಡು, ಅಂದರೆ ಆ ಪ್ಲಾಸ್ಟಿಕ್ ಚೀಲ ಬಿಡುವ ಅಂಟು, ಅಂದುಕೊಂಡೆ. ಒಂದು ರಾತ್ರಿ ಅಸಿಟೋನಿನಲ್ಲಿ ಇಟ್ಟೆ. ಮೈಮೇಲಿನ ಅಂಟು ಹೋಯಿತು, ಚುಕ್ಕೆ ಮಾತ್ರ ಅಲ್ಲೇ. ನಿಂಬೆ ಮುಳ್ಳಿನಿಂದ ಕೆದಕಿದರೆ ತಿಳಿಹಸಿರು ಪುಡಿ ಉದುರಿತು, ಕೆಳಗೆ ಗುಳಿ, ಗುಳಿಯ ತಳದಲ್ಲಿ ಮೇಣದಂಥ ಬೂದು. ಎದೆ ಧಸಕ್ಕೆಂದಿತು. ಖಾತ್ರಿಗಾಗಿ ಒದ್ದೆ ಹತ್ತಿಯ ಜೊತೆ ಡಬ್ಬಿಯಲ್ಲಿ ಒಂದು ದಿನ ಮುಚ್ಚಿಟ್ಟೆ (ಹತ್ತಿ ಕಾಸಿಗೆ ತಾಗದಂತೆ). ಮರುದಿನ ಕೆದಕಿದ ಜಾಗದಲ್ಲೇ ಹಸಿರು ಮತ್ತೆ ಉಬ್ಬಿತ್ತು. ಕಂಚಿನ ರೋಗ, ಅಂದರೆ ಲೋಹದೊಳಗೆ ಸೇರಿಕೊಂಡ ಕ್ಲೋರೈಡ್ (ಉಪ್ಪಿನ ಅಂಶ) ತೇವ ತಾಗಿದಾಗ ಲೋಹವನ್ನೇ ತಿನ್ನುವುದು. ತಾಮ್ರಕ್ಕೂ ಬರುತ್ತೆ, ಹೆಸರು ಮಾತ್ರ ಕಂಚಿನದು.

ಇಲ್ಲಿಂದ ಶುರು ನೋಡಿ ಪೀಕಲಾಟ. ಕ್ಲೋರೈಡ್ ಎಳೆದು ತೆಗೆಯೋಕೆ ಸೋಡಿಯಂ ಸೆಸ್ಕ್ವಿಕಾರ್ಬೊನೇಟ್ ಹಾಕಿ ಅಂತ ಎಲ್ಲರೂ ಹೇಳುತ್ತಾರೆ, ಸರಿ, ಆದರೆ ಅದು ಬಣ್ಣದ ಮೇಲೂ ಕೈ ಹಾಕುತ್ತೆ. ತುಕ್ಕು ತಡೆಯುವ ಬೆಂಜೋಟ್ರಯಜೋಲ್ ಹಾಕಿದರೆ ಒಂದು ಛಾಯೆ ಕಪ್ಪಾಗಬಹುದು. ಬೇರೆಯವರಿಗೆ ಕಾಸು ಉಳಿದರೆ ಸಾಕು. ನನಗೆ ಚೊಗರು ಹೋದರೆ ಆ ಕಾಸು ಏಳನೇ ಗುಳಿಗೆ ಬಾರದು, ಸುಮ್ನೆ ಹನ್ನೊಂದು ಗ್ರಾಂ ತಾಮ್ರ. ಹಾಗಾಗಿ ನಿಧಾನದ ದಾರಿ ಹಿಡಿದೆ: ಡಿಸ್ಟಿಲ್ಡ್ ವಾಟರ್, ದಿನಾ ನೀರು ಬದಲು, ಹಳೆಯ ನೀರಿಗೆ ಒಂದು ಹನಿ ನೈಟ್ರಿಕ್ ಆಸಿಡ್, ಎರಡು ಹನಿ ಸಿಲ್ವರ್ ನೈಟ್ರೇಟ್. ಬೆಳ್ಳಗಾದರೆ ಇನ್ನೂ ಕ್ಲೋರೈಡ್ ಇದೆ ಅಂತ ಲೆಕ್ಕ.

ಮೊದಲ ದಿನ ಬೆಳ್ಳಗಾಯಿತು. ಹತ್ತನೇ ದಿನವೂ. ಇಪ್ಪತ್ತನೇ ದಿನವೂ ಅಷ್ಟೇ, ನೀರುಮಜ್ಜಿಗೆ ಹಾಗೆ. ಈ ಮಧ್ಯೆ ಸಿಲ್ವರ್ ನೈಟ್ರೇಟ್ ತಾಗಿ ತೋರುಬೆರಳು ಕಪ್ಪಾಗಿತ್ತು, ಹಾಲಿನವನು "ವೋಟು ಯಾವಾಗ ಆಯ್ತು ಮಾರಾಯ್ರೆ" ಅಂದ. ತಮಾಷೆಗೆ ಅಂದರೂ ಸರಿಯಾಗೇ ಅಂದ, ಮೈಸೂರಿನಲ್ಲಿ ತಯಾರಾಗುವ ಆ ಚುನಾವಣೆ ಶಾಯಿಯಲ್ಲಿ ಇರುವುದೂ ಇದೇ ಸಿಲ್ವರ್ ನೈಟ್ರೇಟ್.

ಮಘೆ ಮಳೆಯ ಒಂದು ಸಂಜೆ ಕರೆಂಟು ಹೋಗಿತ್ತು. ಟಾರ್ಚ್ ಬೆಳಕಿನಲ್ಲಿ ಲೋಟ ಅದಲುಬದಲಾಗಿ, ಕಾಸೇ ಮುಳುಗಿಸದ ಹೊಸ ನೀರಿಗೆ ಹನಿ ಬಿಟ್ಟೆ.

ಅದೂ ಬೆಳ್ಳಗಾಯಿತು.

ಬಾಟಲಿಯ ಮೇಲೆ ದಪ್ಪಕ್ಷರದಲ್ಲಿ ಡಿಸ್ಟಿಲ್ಡ್ ವಾಟರ್ ಅಂತಲೇ ಇದೆ. ಅದನ್ನು ಕೊಂಡ ಬ್ಯಾಟರಿ ಅಂಗಡಿಗೆ ಹೋಗಿ ಕೇಳಿದರೆ "ಗಾಡಿ ಸ್ಟಾರ್ಟ್ ಆಗ್ತಿದೆ ತಾನೆ?" ಅಂದ. ನಲ್ಲಿ ನೀರನ್ನೇ ತುಂಬಿದ್ದಾರೋ ಏನೋ, ಪುಣ್ಯಾತ್ಮರು. ಆದರೆ ಬಯ್ಯಬೇಕಾದ್ದು ನನ್ನನ್ನೇ. ಪಿಯುಸಿ ಲ್ಯಾಬಿನಲ್ಲಿ ಬ್ಲ್ಯಾಂಕ್ ಟೆಸ್ಟ್ (ಏನೂ ಹಾಕದ ಬರೀ ನೀರಿನ ಪರೀಕ್ಷೆ) ಮಾಡದಿದ್ದರೆ ಮೇಷ್ಟ್ರು ರೆಕಾರ್ಡ್ ಬುಕ್ ಎಸೆಯುತ್ತಿದ್ದರು, ಅದು ಯಾಕೆ ಅಂತ ಈಗ ಗೊತ್ತಾಯಿತು.

ಮೆಡಿಕಲ್ ಶಾಪಿಗೆ ಹೋಗಿ ಇಂಜೆಕ್ಷನ್‌ಗೆ ಬೆರೆಸುವ ಸ್ಟೆರೈಲ್ ವಾಟರ್ ಕೇಳಿದೆ. ಹುಡುಗ ನಾರ್ಮಲ್ ಸಲೈನ್ ತಂದಿಟ್ಟ, "ಎರಡೂ ಒಂದೇ ಸಾರ್." ಲೀಟರಿಗೆ 9 ಗ್ರಾಂ ಉಪ್ಪು ಇರುವ ನೀರು! ವಾಪಸ್ ಕೊಟ್ಟು, ನಿಂತು, ಲೇಬಲ್ ಓದಿ ಸರಿಯಾದದ್ದೇ ತಂದೆ. ಮೊದಲು ಬ್ಲ್ಯಾಂಕ್: ಸ್ವಚ್ಛ. ಆಮೇಲೆ ಕಾಸು. ಮೊದಲ ನೀರು ಬೆಳ್ಳಗೆ, ಎರಡು ದಿನ ಬಿಟ್ಟು ತೆಗೆದದ್ದು ತೆಳ್ಳಗೆ, ಆರನೇ ಸಲ ಬರೀ ಅನುಮಾನ, ಎಂಟನೇ ಸಲ ಏನೂ ಇಲ್ಲ. ಲೋಟವನ್ನು ಕಿಟಕಿಗೆ ಹಿಡಿದು ಐದು ನಿಮಿಷ ನೋಡಿದೆ. ಕುಣಿದೆ ಅಂತ ಮಗಳು ಹೇಳುತ್ತಾಳೆ, ನನಗೆ ನೆನಪಿಲ್ಲ.

ಅಸಿಟೋನಿನಲ್ಲಿ ಅದ್ದಿ, ಬಲ್ಬಿನ ಕೆಳಗೆ ಒಣಗಿಸಿ, ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಗೆ ಹಾಕಿದ್ದೇನೆ. ಕಿತ್ತಳೆ ಬಣ್ಣದ ಜೆಲ್ ತನ್ನಿ. ನೀಲಿಯದರಲ್ಲಿ ಇರುವುದು ಕೋಬಾಲ್ಟ್ ಕ್ಲೋರೈಡ್, ಕ್ಲೋರೈಡ್ ಓಡಿಸೋಕೆ ಇಷ್ಟು ಒದ್ದಾಡಿ ಅದನ್ನೇ ಪಕ್ಕಕ್ಕೆ ತಂದಿಡುವುದು ಯಾಕೆ? ಡಬ್ಬಿಯೊಳಗಿನ ತೇವದ ಕಾರ್ಡು ಈಗ ಶೇಕಡಾ 38 ತೋರಿಸುತ್ತಿದೆ, ಹೊರಗೆ ಉತ್ತರೆ ಮಳೆ. ಬಣ್ಣ? ಮುಕ್ಕಾಲು ಭಾಗ ಚೊಗರೇ. ಹಿಂಗಾಲಿನ ಹತ್ತಿರ ಒಂದು ಕೈ ಕಪ್ಪು ಜಾಸ್ತಿ, ಗುಳಿಗಳು ಸಿಡುಬಿನ ಕಲೆ ಹಾಗೆ ಉಳಿದಿವೆ. ನೀರಲ್ಲಿ ವ್ಯರ್ಥವಾಗಿ ಕಳೆದ ಆ ಮೂರು ವಾರದ ಕಪ್ಪೇ ಅದು ಅಂತ ನನ್ನ ಗುಮಾನಿ.

ಕಾಯುವ ಹೊತ್ತಿಗೆ ಇನ್ನೊಂದು ಹುಚ್ಚು ಹತ್ತಿದೆ. 1906ರ ಕಾಲಾಣೆ ಎರಡು ಥರ ಇವೆಯಲ್ಲ, ಅದೇ ವರ್ಷ ತಾಮ್ರದಿಂದ ಕಂಚಿಗೆ ಬದಲಾಯಿಸಿದ್ದು. ತಕ್ಕಡಿಯಲ್ಲಿ ಇಟ್ಟರೆ ಗೊತ್ತಾಗುತ್ತೆ, ತಾಮ್ರದ್ದು ಆರೂವರೆ ಗ್ರಾಂ ಹತ್ತಿರ, ಕಂಚಿನದು ಐದಕ್ಕೂ ಕಡಿಮೆ. ಎರಡನ್ನೂ ಪಕ್ಕ ಪಕ್ಕ ಒಂದೇ ಮರದ ಡಬ್ಬಿಯಲ್ಲಿ ಇಟ್ಟು ತಿಂಗಳಿಗೊಮ್ಮೆ ಒಂದೇ ಬೆಳಕಿನಲ್ಲಿ ಫೋಟೊ ತೆಗೆಯಬೇಕು. ಕಂಚಿನದು ಸಿಕ್ಕಿದೆ. ತಾಮ್ರದ 1906 ಯಾರ ಹತ್ತಿರವಾದರೂ ಎರಡಿದ್ದರೆ ಹೇಳಿ. ಹುಣಸೆಹಣ್ಣು ಹಾಕಿ ಉಜ್ಜಿದ್ದು ಮಾತ್ರ ಬೇಡ.

ಆನೆ ಡಬ್ಬಿಯನ್ನು ಸ್ವಾತಿ ಮಳೆ ಮುಗಿಯುವವರೆಗೆ ತೆಗೆಯುವುದಿಲ್ಲ. ನಿನ್ನೆ ಒಂದು ಸಲ ತೆಗೆದೆ, ಅದು ಲೆಕ್ಕಕ್ಕಿಲ್ಲ.